ನಿಮ್ಮಪ್ಪನ ಕಣ್ಣು ತೋರಿಸಿದ್ದೀರಾ?



ಯುವಜನರ ಪುಟಕ್ಕೆ ಏನಾದರೂ ಬರೆದುಕೊಡಿ ಎಂದು ನಮ್ಮ ಸಂಪಾದಕರು ಕೇಳಿದ್ದಾರೆ. ಈ ಆಂಟಿ ಮತ್ತೆ ಪತ್ರೊಡೆಯ ಬಗ್ಗೆಯೋ, ಕನ್ನಡ ಕಲಿಯಿರೆಂಬ ಉಪದೇಶವನ್ನೋ ಬರೆದಿರುತ್ತಾಳೆ ಎಂದು ನೀವು ಪುಟ ತಿರುವಲು ಹೊರಟಿರಬಹುದು. ಸ್ವಲ್ಪ ತಡೆಯಿರಿ. ಈ ಸಲ ನಾನು ಬರೆಯಹೊರಟಿರುವುದು ನಿಮ್ಮದೇ ವಿಷಯ, ಕಂಪ್ಯೂಟರು. ಅದೂ ಈಗ ಎಲ್ಲರ ಬಾಯಲ್ಲಿರುವ ಕೃತಕ ಬುದ್ಧಿಮತ್ತೆ. ನಿಮ್ಮಲ್ಲಿ ಎಷ್ಟೋ ಮಂದಿ ಐರೋಲಿ, ಮಹಾಪೆಗಳ ಆಫೀಸುಗಳಲ್ಲಿ ಕುಳಿತು ಅದರದೇ ಅನ್ನ ಉಣ್ಣುತ್ತಿದ್ದೀರಿ. ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿ, ಮದುವೆಯಾಗಿ ಮುಂಬ್ರಾಕ್ಕೆ ಬಂದು, ಅಂದಿನಿಂದ ಒಲೆ ನೋಡಿಕೊಂಡಿರುವ ಗೃಹಿಣಿಯೊಬ್ಬಳು ಅದರ ಬಗ್ಗೆ ಏನು ಹೇಳಿಯಾಳು ಎಂದು ನಗಬೇಡಿ. ಆ ಬುದ್ಧಿವಂತ ಯಂತ್ರ ಈಚೆಗೆ ನನ್ನ ಕಣ್ಣೊಳಗೆ ಇಣುಕಿ ನೋಡಿತು. ನಿಮ್ಮ ಕಣ್ಣೊಳಗೆ ಅದು ನೋಡಿರಲಾರದು!

ಕನ್ನಡ ಅಕ್ಷರ ಓದುವುದು ನಿಧಾನವಾಗುವವರು ಇದನ್ನು ಅಮ್ಮನ ಕೈಗೋ ಅಪ್ಪನ ಕೈಗೋ ಕೊಟ್ಟು ಗಟ್ಟಿಯಾಗಿ ಓದಿಸಿ. ಅವರ ಕಿವಿಗೂ ಬೀಳಲಿ ಎಂಬುದೇ ನನ್ನ ಒಳ ಉದ್ದೇಶ.

ನಮ್ಮವರ ಮನೆಗಳಲ್ಲಿ 'ಶುಗರ್' ಎಂಬುದು ಈಗ ಕಾಯಿಲೆಯ ಲೆಕ್ಕದಲ್ಲಿಲ್ಲ. ಬಂದು ಉಳಿದುಕೊಂಡ ನೆಂಟನ ಹಾಗೆ. ಮದುವೆ ಮನೆಯಲ್ಲಿ "ನಿಮಗೆ ಎಷ್ಟು?" ಎಂದು ಒಬ್ಬರನ್ನೊಬ್ಬರು ಕೇಳಿಕೊಂಡು, ಹೋಳಿಗೆಗೆ ಕೈಚಾಚುತ್ತಾರೆ. ಆಶ್ಚರ್ಯವೇನೂ ಇಲ್ಲ. ನಮ್ಮ ಹಿರಿಯರಲ್ಲಿ ಬಹುಮಂದಿ ಊರು ಬಿಟ್ಟು ಬಂದದ್ದು ಹೋಟೆಲು, ಕ್ಯಾಂಟೀನುಗಳಿಗೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ಕೆಲಸ, ಮಧ್ಯಾಹ್ನ ಮೂರಕ್ಕೆ ಊಟ, ನಡುನಡುವೆ ಲೆಕ್ಕವಿಲ್ಲದಷ್ಟು ಕಟಿಂಗ್ ಚಹಾ, ರಾತ್ರಿ ಹನ್ನೆರಡಕ್ಕೆ ತಣ್ಣಗಾದ ಅನ್ನ. ದೇಶದ ಲೆಕ್ಕವೂ ಕಡಿಮೆಯೇನಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹಿಗಳು ಸುಮಾರು 10 ಕೋಟಿ 10 ಲಕ್ಷ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿ 60 ಲಕ್ಷ.

ಸಕ್ಕರೆ ಇದ್ದವರು ಕಾಲಿಗೆ ಗಾಯವಾದರೆ ಹೆದರುತ್ತಾರೆ. ಕಿಡ್ನಿಯ ಹೆಸರು ಕೇಳಿದರೆ ಹೆದರುತ್ತಾರೆ. ಕಣ್ಣಿನ ವಿಷಯಕ್ಕೆ ಬಂದರೆ ಮಾತ್ರ "ಚೆನ್ನಾಗಿಯೇ ಕಾಣುತ್ತದಲ್ಲ" ಎಂದು ಸುಮ್ಮನಾಗುತ್ತಾರೆ. ಈ "ಕಾಣುತ್ತದಲ್ಲ" ಎಂಬ ಒಂದು ಮಾತು ನಮ್ಮ ಭಾವನವರನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂದು ಹೇಳುತ್ತೇನೆ.

ನಮ್ಮ ಯಜಮಾನರ ಅಣ್ಣ ಅವರು. ಹದಿಮೂರನೆಯ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದು, ಕೋಟೆ ಪ್ರದೇಶದ ಹೋಟೆಲಿನಲ್ಲಿ ಹಗಲು ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ಅದೇ ಹೋಟೆಲಿನ ಗಲ್ಲಾದಲ್ಲಿ ಕುಳಿತವರು. ನೋಟಿನ ಕಂತೆಯನ್ನು ಒಂದು ಸಲ ಬೆರಳಲ್ಲಿ ಸರಿಸಿದರೆ ಹರಿದದ್ದು ಯಾವುದು, ಅಂಟಿಸಿದ್ದು ಯಾವುದು ಎಂದು ಅವರ ಕಣ್ಣಿಗೆ ಹೊಳೆಯುತ್ತಿತ್ತು. ಸಕ್ಕರೆ ಬಂದು ಹದಿನೈದು ವರ್ಷಗಳಾಗಿದ್ದವು. ಮಾತ್ರೆಯನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ಕಣ್ಣು ಕೊಂಚ ಮಂಜಾದಾಗಲೆಲ್ಲ ಕನ್ನಡಕದ ಅಂಗಡಿಗೆ ಹೋಗಿ ನಂಬರು ಬದಲಿಸಿಕೊಂಡು ಬರುತ್ತಿದ್ದರು. ಎರಡು ವರ್ಷಗಳಲ್ಲಿ ಮೂರು ಕನ್ನಡಕ! ಕಣ್ಣಿನ ಹಿಂಬದಿಯನ್ನು ನೋಡಿಸಿ ಎಂದು ಆ ಅಂಗಡಿಯವನು ಹೇಳಲಿಲ್ಲ, ಔಷಧಿ ಬರೆದುಕೊಡುತ್ತಿದ್ದ ಡಾಕ್ಟರೂ ಹೇಳಲಿಲ್ಲ. ಒಂದು ಬೆಳಗ್ಗೆ ಎದ್ದಾಗ ಎಡಗಣ್ಣಿನ ಮುಂದೆ ಕಪ್ಪು ಜೇಡರ ಬಲೆ ತೂಗಿದಂತೆ ಕಂಡಿತಂತೆ. ಸಂಜೆಯ ಹೊತ್ತಿಗೆ ಬಲೆ ಪರದೆಯಾಯಿತು. ಒಳಗೆ ರಕ್ತ ಸುರಿದಿತ್ತು. ಬಲಗಣ್ಣಿಗೆ ಲೇಸರ್ ಕೊಟ್ಟು ಅಷ್ಟಿಷ್ಟು ಉಳಿಸಿದರು. ಹೋದದ್ದು ಹೋಯಿತು.

ಈಗ ಭಾವ ಊರಿನಲ್ಲಿದ್ದಾರೆ. ಹೆಜ್ಜೆಯ ಸದ್ದಿನಿಂದಲೇ ಬಂದವರು ಯಾರೆಂದು ಹೇಳುತ್ತಾರೆ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಅವರ ಮಗ, ನಿಮ್ಮದೇ ಓರಗೆಯವನು, ದಿನಾ ರಾತ್ರಿ ಫೋನು ಹಚ್ಚಿ 'ಉದಯವಾಣಿ'ಯ ಸುದ್ದಿಗಳನ್ನು ಅಪ್ಪನಿಗೆ ಓದಿ ಹೇಳುತ್ತಾನೆ. ಒತ್ತಕ್ಷರ ಬಂದಲ್ಲಿ ಎಡವುತ್ತಾನೆ. ಅಪ್ಪ ಅಲ್ಲಿಂದಲೇ ತಿದ್ದುತ್ತಾರೆ. ಅದನ್ನು ಕೇಳುವಾಗ ನನಗೆ ಬಿ.ಎ.ಯಲ್ಲಿ ಓದಿದ ಮಿಲ್ಟನ್ ಕವಿ ನೆನಪಾಗುತ್ತಾನೆ. 1652ರ ಹೊತ್ತಿಗೆ ಅವನ ಎರಡೂ ಕಣ್ಣು ಪೂರ್ತಿ ಹೋಗಿದ್ದವು. ಅವನ ಇಬ್ಬರು ಹೆಣ್ಣುಮಕ್ಕಳು ಗ್ರೀಕ್, ಲ್ಯಾಟಿನ್, ಹೀಬ್ರೂ ಪುಸ್ತಕಗಳನ್ನು ಒಂದಕ್ಷರದ ಅರ್ಥವೂ ತಿಳಿಯದೆ, ಉಚ್ಚಾರವನ್ನಷ್ಟೇ ಕಲಿತು ತಂದೆಗೆ ಓದಿ ಹೇಳುತ್ತಿದ್ದರೆಂದು ಅವನ ಸೋದರಳಿಯ ಬರೆದಿಟ್ಟಿದ್ದಾನೆ. ಆ ಹುಡುಗಿಯರಿಗೆ ಅದು ಎಷ್ಟು ಬೇಸರದ ಕೆಲಸವಾಗಿತ್ತೋ! ಮಿಲ್ಟನ್ನನ ಕಣ್ಣು ಯಾವ ಕಾಯಿಲೆಯಿಂದ ಹೋಯಿತೆಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ನಮ್ಮ ಭಾವನದು ಚರ್ಚೆಗೆ ಎಡೆಯಿಲ್ಲದ್ದು. ತಡೆಯಬಹುದಾಗಿದ್ದದ್ದು.

ಹೇಗೆ ತಡೆಯಬಹುದಿತ್ತು? ಕಣ್ಣಿನ ಹಿಂಗೋಡೆಯಲ್ಲಿ ಒಂದು ತೆಳು ಪರದೆಯಿದೆ. ಅಕ್ಷಿಪಟಲ ಎನ್ನುತ್ತಾರೆ, ನೀವು ರೆಟಿನಾ ಎನ್ನುತ್ತೀರಿ. ನಾವು ಕಾಣುವುದೆಲ್ಲ ಬಿಂಬವಾಗಿ ಬೀಳುವುದು ಅದರ ಮೇಲೆ. ಅದಕ್ಕೆ ಆಹಾರ ಒಯ್ಯುವ ರಕ್ತನಾಳಗಳು ಕೂದಲಿಗಿಂತ ಸೂಕ್ಷ್ಮ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿದ್ದರೆ ಈ ನಾಳಗಳ ಗೋಡೆ ಸಡಿಲಾಗುತ್ತದೆ. ಮೊದಲು ಅಲ್ಲಲ್ಲಿ ಸೂಜಿಮೊನೆಯಷ್ಟು ಗುಳ್ಳೆಗಳು ಏಳುತ್ತವೆ. ಆಮೇಲೆ ಚುಕ್ಕಿಚುಕ್ಕಿಯಾಗಿ ರಕ್ತ ಜಿನುಗುತ್ತದೆ. ಕೊಬ್ಬಿನಂಶ ಸೋರಿ, ಹೆಪ್ಪುಗಟ್ಟಿದ ತುಪ್ಪದಂಥ ಹಳದಿ ಕಲೆಗಳು ನಿಲ್ಲುತ್ತವೆ. ಕಡೆಗೆ ಕೆಲವು ನಾಳಗಳು ಮುಚ್ಚಿಹೋಗಿ ರಕ್ತ ಸಾಲದಾದಾಗ, ಕಣ್ಣು ಗಾಬರಿಯಿಂದ ಹೊಸ ನಾಳಗಳನ್ನು ಬೆಳೆಸುತ್ತದೆ. ಇವು ಗಟ್ಟಿಯಿಲ್ಲದ ನಾಳಗಳು. ಒಂದು ದಿನ ಒಡೆಯುತ್ತವೆ. ಭಾವ ಕಂಡ ಜೇಡರ ಬಲೆ ಅದೇ.

ಮೊದಲ ಗುಳ್ಳೆಯಿಂದ ಆ ಬಲೆಯವರೆಗಿನ ದಾರಿ ಹಲವು ವರ್ಷಗಳದ್ದು. ಆ ವರ್ಷಗಳಲ್ಲಿ ನೋವಿಲ್ಲ, ತುರಿಕೆಯಿಲ್ಲ, ಕೆಂಪಿಲ್ಲ. ನಡುವಿನ ಸೂಕ್ಷ್ಮ ಜಾಗಕ್ಕೆ ಊತ ತಟ್ಟದಿದ್ದರೆ ದೃಷ್ಟಿಯೂ ಕಡಿಮೆಯಾಗದು. ಆಗಲೇ ಗೊತ್ತಾದರೆ ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಹಿಡಿತಕ್ಕೆ ತಂದು ಅದರ ವೇಗ ತಗ್ಗಿಸಬಹುದು. ಬೇಕಾದವರಿಗೆ ಲೇಸರ್ ಇದೆ, ಕಣ್ಣೊಳಗೆ ಕೊಡುವ ಇಂಜೆಕ್ಷನ್ ಇದೆ. ಲೇಸರಿನಿಂದ ತೀವ್ರ ಅಂಧತ್ವದ ಸಾಧ್ಯತೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ ಎಂದು ಅಮೆರಿಕದ ದೊಡ್ಡ ಪ್ರಯೋಗವೊಂದು 1976ರಷ್ಟು ಹಿಂದೆಯೇ ತೋರಿಸಿಕೊಟ್ಟಿತ್ತು. ಅಂದರೆ ಮದ್ದು ಹೊಸತಲ್ಲ. ಇಷ್ಟು ಕಾಲವೂ ಕೊರತೆಯಾಗಿದ್ದದ್ದು, ಏನೂ ತೊಂದರೆಯಿಲ್ಲದ ಮನುಷ್ಯನ ಕಣ್ಣೊಳಗೆ ವರ್ಷಕ್ಕೊಮ್ಮೆ ಇಣುಕಿ ನೋಡುವವರದ್ದು.

ಇಣುಕುವ ಉಪಾಯವೂ ಹಳೆಯದೇ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ ಕಣ್ಣಿನ ಹಿಂಭಾಗವನ್ನು ನೋಡುವ ಉಪಕರಣ ಮಾಡಿದ. ಮೈಯನ್ನು ಕೊಯ್ಯದೆ ರಕ್ತನಾಳವನ್ನು ನೇರವಾಗಿ ನೋಡಬಹುದಾದ ಜಾಗ ಅದು. ಆದರೆ ನೋಡಿ ಅರ್ಥಮಾಡಿಕೊಳ್ಳಲು ಪಳಗಿದ ಕಣ್ಣಿನ ಡಾಕ್ಟರೇ ಬೇಕು. ಹತ್ತು ಕೋಟಿ ಜನರ ಇಪ್ಪತ್ತು ಕೋಟಿ ಕಣ್ಣುಗಳನ್ನು ವರ್ಷ ವರ್ಷವೂ ನೋಡುವಷ್ಟು ಡಾಕ್ಟರರನ್ನು ಎಲ್ಲಿಂದ ತರೋಣ? ಇದ್ದವರೂ ಹೆಚ್ಚಾಗಿ ಪಟ್ಟಣಗಳಲ್ಲಿ. ಹಾಗೆ ನೋಡಿದರೆ ಎಲ್ಲರಿಗೂ ಡಾಕ್ಟರು ಬೇಕಾಗಿಯೂ ಇಲ್ಲ. 2022ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದರಲ್ಲಿ, ನಲವತ್ತು ದಾಟಿದ ಮಧುಮೇಹಿಗಳಲ್ಲಿ ನೂರಕ್ಕೆ 12.5 ಮಂದಿಗೆ ಈ ಅಕ್ಷಿಪಟಲದ ತೊಂದರೆಯಿತ್ತು. ದೃಷ್ಟಿಗೇ ಅಪಾಯ ತರುವ ಹಂತದಲ್ಲಿದ್ದವರು ನೂರಕ್ಕೆ 4. ಆ ನಾಲ್ವರನ್ನು ಉಳಿದ ತೊಂಬತ್ತಾರು ಮಂದಿಯ ನಡುವಿನಿಂದ ಹೆಕ್ಕಿ ತೆಗೆಯುವುದೇ ಕಷ್ಟದ ಕೆಲಸ. ಯಂತ್ರವನ್ನು ಹಚ್ಚಿರುವುದು ಈ ಹೆಕ್ಕುವ ಕೆಲಸಕ್ಕೆ.

ಅದಕ್ಕೆ ಕಲಿಸಿದ ಬಗೆ ನನಗೆ ಬಹಳ ಹಿಡಿಸಿತು. ನಿಮಗೆ ಗೊತ್ತಿರುವುದನ್ನೇ ನನ್ನ ಮಾತಿನಲ್ಲಿ ಹೇಳುತ್ತೇನೆ, ತಪ್ಪಿದ್ದರೆ ಸಂಘದಲ್ಲಿ ಸಿಕ್ಕಾಗ ಜಗಳ ಮಾಡಿ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ನನ್ನನ್ನು ಮೀನು ಮಾರ್ಕೆಟಿಗೆ ಕರೆದೊಯ್ಯುತ್ತಿದ್ದರು. ತಾಜಾ ಬಂಗುಡೆ ಯಾವುದೆಂದು ಒಂದು ನಿಯಮ ಹೇಳಿಕೊಟ್ಟವರಲ್ಲ. "ಇದು ಬೇಡ, ಇದು ಆದೀತು, ಇದು ನಿನ್ನೆಯದು" ಎಂದು ಒಂದೊಂದೇ ಮೀನಿನ ಕಣ್ಣನ್ನೂ ಕಿವಿರನ್ನೂ ತೋರಿಸುತ್ತ ಹೋದರು. ನಾನು ತಪ್ಪಾಗಿ ಎತ್ತಿದಾಗಲೆಲ್ಲ ಕೈಮೇಲೆ ಒಂದು ಪೆಟ್ಟು. ಸಾವಿರ ಮೀನು ನೋಡಿದ ಮೇಲೆ ನನ್ನ ಕಣ್ಣಿಗೇ ಗೊತ್ತಾಗತೊಡಗಿತು. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ ಇಂದಿಗೂ ನನಗೆ ಹೇಳಲು ಬರುವುದಿಲ್ಲ. ಯಂತ್ರ ಕಲಿತದ್ದೂ ಹೀಗೆಯೇ. 2016ರಲ್ಲಿ ಗೂಗಲ್ ಸಂಸ್ಥೆಯವರು ಪ್ರಕಟಿಸಿದ ಹೆಸರುವಾಸಿ ಅಧ್ಯಯನದಲ್ಲಿ ಯಂತ್ರಕ್ಕೆ ತೋರಿಸಿದ್ದು 1,28,175 ಅಕ್ಷಿಪಟಲದ ಫೋಟೋಗಳನ್ನು. ಅಮೆರಿಕದ 54 ಮಂದಿ ನೇತ್ರ ವೈದ್ಯರು ಒಂದೊಂದು ಫೋಟೋವನ್ನೂ ಮೂರರಿಂದ ಏಳು ಸಲ ನೋಡಿ, ರೋಗ ಯಾವ ಹಂತದ್ದೆಂದು ಗುರುತು ಹಾಕಿದ್ದರು. ಅಷ್ಟು ಮಂದಿ ಅತ್ತೆಯರು! ಆ ಫೋಟೋಗಳಲ್ಲಿ ಅಮೆರಿಕದವು ಮಾತ್ರವಲ್ಲ, ಭಾರತದ ಮೂರು ಆಸ್ಪತ್ರೆಗಳವೂ ಇದ್ದವು: ಮಧುರೆಯ ಅರವಿಂದ, ಚೆನ್ನೈಯ ಶಂಕರ ನೇತ್ರಾಲಯ, ಮತ್ತು ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯ. ಅಂದರೆ ಹೆಸರು ಗೊತ್ತಿಲ್ಲದ ಯಾರೋ ಕನ್ನಡಿಗರ ಕಣ್ಣುಗಳೂ ಆ ಯಂತ್ರಕ್ಕೆ ಪಾಠ ಹೇಳಿವೆ. 2018ರ ಏಪ್ರಿಲಿನಲ್ಲಿ ಅಮೆರಿಕದ ಸರಕಾರ, ಡಾಕ್ಟರರು ಚಿತ್ರ ನೋಡದೆಯೇ ತಾನಾಗಿ ತೀರ್ಪು ಕೊಡುವ ಇಂಥದೇ ಬೇರೊಂದು ಯಂತ್ರಕ್ಕೆ ಮೊದಲ ಬಾರಿಗೆ ಒಪ್ಪಿಗೆ ಕೊಟ್ಟಿತು.

ದೂರದ ಮಾತು ಸಾಕು, ನಮ್ಮ ಮುಂಬಯಿಗೇ ಬರೋಣ. ಬೆಂಗಳೂರಿನ ರೆಮಿಡಿಯೋ ಎಂಬ ಕಂಪೆನಿ, ಮೊಬೈಲ್ ಫೋನನ್ನೇ ಸಿಕ್ಕಿಸಿ ಅಕ್ಷಿಪಟಲದ ಚಿತ್ರ ತೆಗೆಯುವ ಕ್ಯಾಮೆರಾ ತಯಾರಿಸಿದೆ. ಚಿತ್ರವನ್ನು ಓದುವ ಬುದ್ಧಿಯನ್ನೂ ಆ ಫೋನಿನೊಳಗೇ ಇಟ್ಟರು. ಇಂಟರ್‌ನೆಟ್ ಬೇಡ. ನಮ್ಮ ಮುಂಬ್ರಾದಂಥ ಕಡೆ ಇದರ ಬೆಲೆ ನಿಮಗೆ ಗೊತ್ತು. ಕಟ್ಟಡಗಳ ಒತ್ತಿನಲ್ಲಿ ಒಳಕೋಣೆಗೆ ಹೋದರೆ ಫೋನಿಗೆ ಉಸಿರೇ ಇರುವುದಿಲ್ಲ. ಕಣ್ಣಿನ ತಜ್ಞ ಡಾ. ಎಸ್. ನಟರಾಜನ್ ಮತ್ತು ಅವರ ಸಂಗಡಿಗರು ಈ ಫೋನನ್ನು ಬೃಹನ್ಮುಂಬಯಿ ಮಹಾನಗರಪಾಲಿಕೆಯ ದವಾಖಾನೆಗಳಿಗೆ ಒಯ್ದರು. ಬಡವರು ಚೀಟಿ ಹಿಡಿದು ಮಾತ್ರೆಗೆ ಸಾಲು ನಿಲ್ಲುತ್ತಾರಲ್ಲ, ಅದೇ ದವಾಖಾನೆಗಳು. ಚಿತ್ರ ತೆಗೆದದ್ದು ಡಾಕ್ಟರಲ್ಲ, ಅಂಥ ಕ್ಯಾಮೆರಾವನ್ನು ಮೊದಲು ಮುಟ್ಟಿ ನೋಡಿರದ ಆರೋಗ್ಯ ಕಾರ್ಯಕರ್ತರು. ಆಮೇಲೆ ಅದೇ ಚಿತ್ರಗಳನ್ನು ಕಣ್ಣಿನ ವೈದ್ಯರಿಗೂ ತೋರಿಸಿ ಹೋಲಿಸಿದರು. 2019ರಲ್ಲಿ ಪ್ರಕಟವಾದ ಆ ವರದಿಯ ಲೆಕ್ಕದಲ್ಲಿ ಬಂದವರು 213 ಮಂದಿ. ಆಸ್ಪತ್ರೆಗೆ ಕಳುಹಿಸಲೇಬೇಕಾದವರಲ್ಲಿ ಒಬ್ಬರನ್ನೂ ಯಂತ್ರ ಬಿಡಲಿಲ್ಲ. ಕಳುಹಿಸಬೇಕಾಗಿಲ್ಲದ ನೂರು ಮಂದಿಯಲ್ಲಿ ಸುಮಾರು 88 ಮಂದಿಗೆ "ನೀವು ಹೋಗಬೇಕಾಗಿಲ್ಲ" ಎಂದಿತು. ಉಳಿದ ಹನ್ನೆರಡು ಮಂದಿಗೆ ಸುಮ್ಮನೆ ಗಾಬರಿ.

ಒಬ್ಬರನ್ನೂ ಬಿಡಲಿಲ್ಲ ಎಂದೊಡನೆ ಅದನ್ನು ದೇವರ ವಾಕ್ಯವೆಂದುಕೊಳ್ಳಬೇಡಿ. 213 ಸಣ್ಣ ಸಂಖ್ಯೆ. ಬೆಂಗಳೂರಿನ ಡಯಾಕಾನ್ ಮಧುಮೇಹ ಆಸ್ಪತ್ರೆಯಲ್ಲಿ 900 ಮಂದಿಯನ್ನು ಇದೇ ಬಗೆಯ ಫೋನಿನಿಂದ ನೋಡಿದಾಗ (ಇದು 2020ರ ವರದಿ) ಕಳುಹಿಸಬೇಕಾದ ನೂರರಲ್ಲಿ 93 ಮಂದಿಯನ್ನು ಅದು ಹಿಡಿಯಿತು. ಏಳು ಮಂದಿ ತಪ್ಪಿದರು. ಆದರೂ ಯಾರೂ ನೋಡದೇ ಇರುವ ನೂರಕ್ಕೆ ನೂರರ ಮುಂದೆ ಇದು ಎಷ್ಟೋ ವಾಸಿ ಎನ್ನುವುದು ನನ್ನ ಅಭಿಪ್ರಾಯ. ಇನ್ನು ಥಾಯ್ಲೆಂಡಿನ ಕಥೆ. ಅಲ್ಲಿ ಗೂಗಲಿನ ಯಂತ್ರವನ್ನು 11 ಚಿಕಿತ್ಸಾಲಯಗಳಲ್ಲಿ ಇಟ್ಟು ನೋಡಿದ ವರದಿ 2020ರಲ್ಲಿ ಬಂತು. ಬಲ್ಬಿನ ಬೆಳಕಿರುವ ಕೋಣೆಯಲ್ಲಿ ನರ್ಸುಗಳು ತೆಗೆದ ಚಿತ್ರಗಳಲ್ಲಿ ಐದರಲ್ಲೊಂದು ಸ್ಪಷ್ಟವಾಗಿಲ್ಲವೆಂದು ಯಂತ್ರ ವಾಪಸು ಮಾಡಿತ್ತು! ಅಂಥವರು ಮತ್ತೊಂದು ಊರಿನ ಆಸ್ಪತ್ರೆಗೆ ಅಲೆಯಬೇಕು. ಅಲೆಯಲಾಗದೆಂದು ಪರೀಕ್ಷೆಯೇ ಬೇಡವೆಂದವರೂ ಇದ್ದರಂತೆ. ಪ್ರಯೋಗಾಲಯದ ಜಾಣತನ ಬೇರೆ, ಸಾಲಿನಲ್ಲಿ ನಿಂತ ಜನರ ನಡುವಿನ ಜಾಣತನ ಬೇರೆ. ಕಣ್ಣಲ್ಲಿ ಪೊರೆ ಬಲಿತಿದ್ದರೆ ಚಿತ್ರ ಮಂಜಾಗುತ್ತದೆ, ಯಂತ್ರಕ್ಕೆ ಏನೂ ತಿಳಿಯುವುದಿಲ್ಲ. ಕಲಿಸಿದ ರೋಗವನ್ನಷ್ಟೇ ಅದು ನೋಡುತ್ತದೆ. ಪಕ್ಕದಲ್ಲೇ ಬೇರೊಂದು ರೋಗವಿದ್ದರೆ ಅದರ ಗೊಡವೆ ಅದಕ್ಕಿಲ್ಲ.

ಈಗ ನನ್ನ ಕಣ್ಣಿನ ವಿಷಯ. ನನಗೂ ಒಂಬತ್ತು ವರ್ಷಗಳಿಂದ ಸಕ್ಕರೆ. ಭಾವನ ಗತಿ ಕಂಡ ಮೇಲೆ ಪ್ರತಿ ವರ್ಷ ಕಣ್ಣು ತೋರಿಸುವುದನ್ನು ಮಗಳ ಹುಟ್ಟುಹಬ್ಬದ ತಿಂಗಳಿಗೆ ಗಂಟು ಹಾಕಿಟ್ಟಿದ್ದೇನೆ. ಕಳೆದ ವರ್ಷದವರೆಗೂ ಏನೂ ಇರಲಿಲ್ಲ. ಈ ಸಲ ಆ ತಿಂಗಳಿಗೆ ಸರಿಯಾಗಿ ನಮ್ಮ ಬಿಲ್ಡಿಂಗಿನ ಹಿಂದಿನ ಶಾಲೆಯಲ್ಲಿ ಒಂದು ಸೇವಾ ಸಂಸ್ಥೆಯವರು ಶಿಬಿರ ನಡೆಸಿದರು. ಪಕ್ಕದ ಮನೆಯ ಖಾಲಾ, ನಾನು, ಮತ್ತು ನಮ್ಮ ಊರಿನ ಕಡೆಯ ಅಡುಗೆಯವರೊಬ್ಬರು ಒಟ್ಟಿಗೇ ಹೋದೆವು. ಆ ಅಡುಗೆಯವರನ್ನು ನಮ್ಮವರೆಲ್ಲ ಅಣ್ಣ ಎಂದೇ ಕರೆಯುವುದು. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ ಮೂಲೆಯಲ್ಲಿ ನಿಮ್ಮ ವಯಸ್ಸಿನ ಹುಡುಗಿಯೊಬ್ಬಳು ಫೋನು ಸಿಕ್ಕಿಸಿದ ಕ್ಯಾಮೆರಾ ಹಿಡಿದು ಕುಳಿತಿದ್ದಳು. ಕಣ್ಣಿಗೆ ಹನಿ ಹಾಕಲಿಲ್ಲ. ಗದ್ದ ಇಡಿ, ಹಸಿರು ದೀಪ ನೋಡಿ, ರೆಪ್ಪೆ ಬಡಿಯಬೇಡಿ ಎಂದಳು. ಫಕ್ಕನೆ ಒಂದು ಬೆಳಕು. ಆಮೇಲೆ ಫೋನನ್ನು ತಿರುಗಿಸಿ ನನ್ನ ಕಣ್ಣನ್ನು ನನಗೇ ತೋರಿಸಿದಳು. ಹುಣ್ಣಿಮೆಯ ಕೆಂಪು ಚಂದ್ರನ ಮೇಲೆ ಮರದ ಕೊಂಬೆಗಳು ಹರಡಿದಂತೆ! ಐವತ್ತು ವರ್ಷಗಳಿಂದ ಜಗತ್ತನ್ನೆಲ್ಲ ನೋಡಿದ ಕಣ್ಣನ್ನು ನಾನು ಒಳಗಿನಿಂದ ಕಂಡದ್ದು ಅದೇ ಮೊದಲು. ಅರ್ಧ ನಿಮಿಷದಲ್ಲಿ ಉತ್ತರ ಬಂತು: ತಜ್ಞರಿಗೆ ತೋರಿಸಿ.

ನನ್ನ ದೃಷ್ಟಿಯಲ್ಲಿ ಕೊರತೆಯಿರಲಿಲ್ಲ. ಓದಲು ಕನ್ನಡಕ ಬೇಕು, ಅಷ್ಟೇ. ಅಡುಗೆಮನೆಯ ಕಿಟಕಿಯಿಂದ ಮುಂಬ್ರಾದೇವಿಯ ಗುಡ್ಡದ ದೀಪಗಳನ್ನು ರಾತ್ರಿ ಒಂದೊಂದಾಗಿ ಎಣಿಸಬಲ್ಲೆ. ಯಂತ್ರ ಹೇಳದಿದ್ದರೆ ನನ್ನ ಒಳಗಿನ ಆ ಚುಕ್ಕಿಗಳು ನನಗೆ ತಿಳಿಯುವ ಮಾತೇ ಇರಲಿಲ್ಲ. ನಮ್ಮ ಯಜಮಾನರು, "ಅದು ಮಿಷನ್ನು, ಎಲ್ಲರಿಗೂ ಹಾಗೆಯೇ ಹೇಳುತ್ತದೆ" ಎಂದರು. ನೂರಕ್ಕೆ ಹನ್ನೆರಡರ ಲೆಕ್ಕ ನೋಡಿದರೆ ಅವರ ಮಾತಿನಲ್ಲೂ ಸ್ವಲ್ಪ ಹುರುಳಿತ್ತು ಅನ್ನಿ. ಆದರೆ ಮಗಳು ಕೇಳಲಿಲ್ಲ, ರಜೆ ಹಾಕಿ ಕರೆದುಕೊಂಡು ಹೋದಳು. ಡಾಕ್ಟರು ನೋಡಿ, ರೋಗ ಮಧ್ಯಮ ಹಂತಕ್ಕೆ ಬಂದಿದೆ, ನಡುವಿನ ಜಾಗದಲ್ಲಿ ಊತವಿಲ್ಲ, ಈಗ ಲೇಸರ್ ಬೇಡ, ಸಕ್ಕರೆ ಮತ್ತು ಬಿ.ಪಿ. ಬಿಗಿ ಮಾಡಿ ಆರು ತಿಂಗಳಿಗೆ ಬನ್ನಿ ಎಂದರು. ಖಾಲಾರದ್ದು ನನಗಿಂತ ಮುಂದೆ ಹೋಗಿತ್ತು. ಅವರ ಮೊಮ್ಮಗ ಜೊತೆಗಿದ್ದು ಎರಡು ಸಲ ಲೇಸರ್ ಆಯಿತು, ಇನ್ನೊಂದು ಬಾಕಿಯಿದೆ.

ಜೊತೆಗಿದ್ದು ಎಂದೆನಲ್ಲ, ಮಕ್ಕಳೇ, ನಾನು ಇಷ್ಟುದ್ದ ಬರೆದದ್ದು ಆ ಮಾತಿಗಾಗಿ. ಶಿಬಿರದಲ್ಲಿ ಕಣ್ಣಿಗೆ ಹನಿ ಬೇಡ. ಆಸ್ಪತ್ರೆಯಲ್ಲಿ ಬೇಕು. ಪಾಪೆಯನ್ನು ದೊಡ್ಡದು ಮಾಡುವ ಆ ಹನಿ ಹಾಕಿದ ಮೇಲೆ ಮೂರು ನಾಲ್ಕು ಗಂಟೆ, ಕೆಲವರಿಗೆ ಇನ್ನೂ ಹೆಚ್ಚು ಹೊತ್ತು, ಹತ್ತಿರದ್ದೆಲ್ಲ ಮಸುಕು. ಬಿಸಿಲಿಗೆ ಬಂದರೆ ಕಣ್ಣು ಕುಕ್ಕುತ್ತದೆ. ಇಂಡಿಕೇಟರಿನ ಅಕ್ಷರ ಕಲಸಿಹೋಗುತ್ತದೆ. ಆ ಸ್ಥಿತಿಯಲ್ಲಿ ಅರವತ್ತು ವರ್ಷದ ಒಬ್ಬರು ಸೇತುವೆಯ ಮೆಟ್ಟಿಲಿಳಿದು, ಕಳವಾದಿಂದಲೋ ಭಾಯಖಳದಿಂದಲೋ ಲೋಕಲ್ ಹತ್ತಿ, ಮುಂಬ್ರಾದಲ್ಲಿ ಜನರ ನಡುವೆ ನುಗ್ಗಿ ಇಳಿಯಬೇಕು. ಒಬ್ಬರೇ ಹೇಗೆ ಬರುತ್ತಾರೆ ಹೇಳಿ? ಚೀಟಿ ಸಿಕ್ಕಿಯೂ ಆಸ್ಪತ್ರೆಗೆ ಹೋಗದವರನ್ನು ನಾವು ಉದಾಸೀನರೆಂದು ಬೈಯುತ್ತೇವೆ. ಹಲವರದ್ದು ಉದಾಸೀನವಲ್ಲ, ಜೊತೆಗೆ ಜನವಿಲ್ಲದ್ದು. ಕೇಸ್ ಪೇಪರಿನ ಕಿಟಕಿಯಲ್ಲಿ ಮರಾಠಿಯಲ್ಲಿ ಮಾತಾಡಬೇಕು, ಡಾಕ್ಟರು ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಬೇಕು, ಮನೆಗೆ ಬಂದು ಕನ್ನಡದಲ್ಲಿ ಹೇಳಬೇಕು. ಮೂರೂ ಬರುವುದು ನಿಮಗೆ. ನಿಮ್ಮ ಅಪ್ಪ ಅಮ್ಮನಿಗೆ ಸಕ್ಕರೆ ಇದ್ದರೆ ಕಾಯಿಲೆ ಗೊತ್ತಾದ ವರ್ಷದಿಂದಲೇ ವರ್ಷಕ್ಕೊಮ್ಮೆ ರೆಟಿನಾ ನೋಡಿಸಿ. ಕನ್ನಡಕದ ನಂಬರು ನೋಡುವುದು ಬೇರೆ, ಇದು ಬೇರೆ. ಎರಡನ್ನೂ ಒಂದೆಂದು ತಿಳಿಯಬೇಡಿ. ಮೊದಲೇ ಸಕ್ಕರೆ ಇರುವ ಅಕ್ಕ ಅತ್ತಿಗೆಯರು ಗರ್ಭಿಣಿಯಾದರೆ ಮೊದಲ ತಿಂಗಳುಗಳಲ್ಲೇ ತೋರಿಸಬೇಕು. ಯಂತ್ರದಲ್ಲಿ ನೋಡಿ ಏನೂ ಇಲ್ಲವೆಂದರೆ ಸಂತೋಷ, ಮುಂದಿನ ವರ್ಷ ಮತ್ತೆ ಹೋಗಿ. ಆ ಮಧ್ಯೆ ಕಣ್ಣಲ್ಲಿ ಏನಾದರೂ ವ್ಯತ್ಯಾಸ ಕಂಡರೆ ಯಂತ್ರದ ಚೀಟಿ ಮಡಚಿಟ್ಟು ನೇರ ಡಾಕ್ಟರ ಬಳಿಗೆ ಹೋಗಿ.

ಇನ್ನು ಅಣ್ಣನ ಸುದ್ದಿ ಉಳಿಯಿತು. ಅವರಿಗೆ ಐವತ್ತೆಂಟು. ತುರ್ಭೆಯ ಒಂದು ಕ್ಯಾಂಟೀನಿನಲ್ಲಿ ಅಡುಗೆ, ಮುಂಬ್ರಾದಲ್ಲಿ ನಾಲ್ವರ ಜೊತೆ ಒಂದು ರೂಮು. ಹೆಂಡತಿ ಮಕ್ಕಳು ಬೈಂದೂರಿನ ಹತ್ತಿರ. ಅವರ ಎರಡೂ ಕಣ್ಣಿಗೆ ಯಂತ್ರ "ತೋರಿಸಿ" ಎಂದಿದೆ. ಆ ಚೀಟಿ ರೂಮಿನ ದೇವರ ಪಟದ ಹಿಂದೆ ಒಂದೂವರೆ ತಿಂಗಳಿಂದ ಇದೆ. "ಒಗ್ಗರಣೆಯ ಸಾಸಿವೆ ಕಾಣುತ್ತದೆ ತಂಗೀ, ಮತ್ತೇನು ಬೇಕು" ಎನ್ನುತ್ತಿದ್ದವರು, ಖಾಲಾರ ಲೇಸರಿನ ಸುದ್ದಿ ಕೇಳಿದ ಮೇಲೆ ಒಪ್ಪಿದ್ದಾರೆ. ನಾನೇ ಕರೆದೊಯ್ಯುತ್ತೇನೆಂದೆ. ಹನಿ ಹಾಕಿಸಿಕೊಂಡು ನನ್ನ ಕೈ ಹಿಡಿದು ಲೋಕಲಿನಿಂದ ಇಳಿಯಲು ಅವರಿಗೆ ಸಂಕೋಚ, ಲೇಡೀಸ್ ಡಬ್ಬಿಗೆ ಅವರು ಬರುವಂತಿಲ್ಲ, ಜನರಲ್ ಡಬ್ಬಿಯಲ್ಲಿ ನನಗೇ ಯಾರಾದರೂ ಆಸರೆ ಬೇಕು. ಅವರ ರಜೆ ಗುರುವಾರ. ಬೆಳಗ್ಗೆ ಏಳಕ್ಕೆ ಹೊರಟರೆ ಕೇಸ್ ಪೇಪರಿನ ಸಾಲಿನಲ್ಲಿ ಮುಂದಿರಬಹುದು, ಮೂರು ಗಂಟೆಯ ಒಳಗೆ ವಾಪಸು. ಊಟದ ಡಬ್ಬಿ ನಾನು ಕಟ್ಟಿಕೊಡುತ್ತೇನೆ. ಗುರುವಾರ ಬಿಡುವಿರುವ ಹುಡುಗರು ಯಾರಾದರೂ ಇದ್ದರೆ ಸಂಘದ ಕಚೇರಿಯಲ್ಲಿ ಹೆಸರು ಕೊಡಿ.